ಅಂಗಳ ದಾಟಿದ ಹುಲಿ

"ನಡ್ಯಕ್ಕಾಗ್ದಿರೊ ಕೂಸ್ನ ನಾಕ್ ಕಾಲಿನ್ ಮೃಗ ಮಾಡ್ಬುಟ್ಟಲ್ಲೋ! ಎಂಟ್ನೇ ಕ್ಲಾಸ್ ದಾಟ್ದೆ ಇರೋನು, ನಿಂಗ್ಯಾಕ್ಲಾ ಡಾಕ್ಟ್ರ ಕೆಲ್ಸ? ಥೂ!"

ದೊಡ್ಡಯ್ಯ ಶಿವಸ್ವಾಮಿಯ ಕಾಲ ಬಳಿಯೇ ಉಗಿದ. ಶಾಮಿಯಾನದ ಕೆಳಗೆ ತಿಥಿ ಊಟಕ್ಕೆ ಕೂತಿದ್ದ ಅರ್ಧ ಹಂಗಳ ಊರೇ ಅದನ್ನು ನೋಡಿತು. ಎಲೆಯ ಮೇಲೆ ಕೈಗಳು ಹಾಗೇ ನಿಂತವು. ಪಂಕ್ತಿಯ ನಡುವೆ ಶಿವಸ್ವಾಮಿಯ ಅಕ್ಕನ ಮಗಳು, ಐದು ವರ್ಷದ ಪುಟ್ಟಿ, ಇದ್ದಿಲಿನ ಪಟ್ಟೆ ಎಳೆದ ಹಳದಿ ಟವಲು ಬೆನ್ನಿಗೆ ಹೊದ್ದು, ಅಂಗೈ ಮಂಡಿ ಊರಿ, ಗುರ್ರೆನ್ನುತ್ತ ಯಾರನ್ನೋ ಹುಡುಕುತ್ತಿದ್ದಳು. ಹನ್ನೊಂದು ದಿನದ ಹಿಂದೆ ಹುಲಿ ಎಳೆದುಕೊಂಡು ಹೋದ ಚೆಲುವಯ್ಯನ ತಿಥಿ ಅದು. ದೊಡ್ಡಯ್ಯ ಸತ್ತವನ ಅಣ್ಣ.

"ಕೂಸ್ಗೇನ್ ಗೊತ್ತು ದೊಡ್ಡಯ್ಯ..." ಅಂದ ಶಿವಸ್ವಾಮಿ.

"ಕೂಸ್ಗ್ ಗೊತ್ತಿಲ್ಲ, ಸರಿ. ನಿಂಗೂ ಗೊತ್ತಿಲ್ವಾ?"

ಬಡಿಸುತ್ತಿದ್ದ ಸಾರಿನ ಬಕೆಟ್ಟನ್ನು ನೆಲಕ್ಕಿಟ್ಟು ಶಿವಸ್ವಾಮಿ ಪುಟ್ಟಿಯನ್ನು ಬಗಲಿಗೆ ಎತ್ತಿಕೊಂಡ. ಹಲ್ಲು ಕಡಿದ ಸದ್ದು ಅವನಿಗೇ ಕೇಳಿಸಿತು. ಹೊಡೆಯಬೇಕೆಂದರೆ ಯಾರನ್ನು ಹೊಡೆಯುವುದು? ತಮ್ಮನನ್ನು ಕಳೆದುಕೊಂಡ ಮುದುಕನನ್ನೇ?

ಪುಟ್ಟಿಗೆ ಹುಟ್ಟಿದಾಗಿನಿಂದ ಕಾಲು ಬಿಗಿ, ಕೊರಡಿನ ಹಾಗೆ. ಅಪ್ಪ ಅನ್ನಿಸಿಕೊಂಡವನು ಆ ಕಾಲು ನೋಡಿಯೇ ಕೇರಳದ ಶುಂಠಿ ಹೊಲಕ್ಕೆ ಹೋದ, ತಿರುಗಿ ಬರಲಿಲ್ಲ. ಶನಿವಾರ ಶನಿವಾರ ಬೈಕಿನ ಮುಂದೆ ಕೂರಿಸಿಕೊಂಡು ಗುಂಡ್ಲುಪೇಟೆಗೆ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಿದ್ದವನು ಶಿವಸ್ವಾಮಿ. ವ್ಯಾಯಾಮ ಮಾಡಿಸುವ ಚಂದ್ರಮತಿ ಮೇಡಂ ಕಾಲು ಮುಟ್ಟಿದರೆ ಸಾಕು, ಪುಟ್ಟಿಯ ಕೂಗಿಗೆ ಹೊರಗಿನ ಬೇವಿನ ಮರದ ಕಾಗೆಗಳು ಎದ್ದು ಹಾರುತ್ತಿದ್ದವು.

"ಹಿಡಿದು ಎಳೆದ್ರೆ ಆಗಲ್ಲ ಶಿವಸ್ವಾಮಿ," ಅಂದಿದ್ದರು ಮೇಡಂ ಒಂದು ದಿನ. "ಅಂಗೈ ಮೇಲೆ, ಮಂಡಿ ಮೇಲೆ ದಿನಾ ಭಾರ ಬೀಳಬೇಕು. ಅವಳಿಗೇ ಗೊತ್ತಾಗದ ಹಾಗೆ ಆಟದಲ್ಲಿ ಮಾಡಿಸಿ."

"ಯಾವ್ ಆಟ ಮೇಡಂ?"

"ಅವಳು ಯಾವುದಕ್ಕೆ ನಗ್ತಾಳೋ ಅದು."

ಪುಟ್ಟಿ ನಗುತ್ತಿದ್ದದ್ದು ಕ್ಯಾಲೆಂಡರಿನ ಮಾದಪ್ಪ ಕೂತ ಹುಲಿಯನ್ನು ನೋಡಿ. ಹುಲಿಯಾಗಬೇಕೆಂದರೆ ಅಂಗೈ ಊರಲೇಬೇಕು. ಶಿವಸ್ವಾಮಿ ಟವಲಿಗೆ ಪಟ್ಟೆ ಎಳೆದ. ತಾನು ಮೇಕೆಯಾದ, ಹಸುವಾದ. ಅವನ ಮೇಕೆಗೆ ಪುಟ್ಟಿ ಅಷ್ಟಕ್ಕಷ್ಟೇ. ಅವಳಿಗೆ ಬೇಕಾಗಿದ್ದ ಬೇಟೆ ಎದುರು ಮನೆಯ ಚೆಲುವಯ್ಯ. ಸಂಜೆ ದನ ಹೊಡೆದುಕೊಂಡು ಬಂದವನು ದೊಣ್ಣೆ ಮೂಲೆಗಿಟ್ಟು ಅಂಗಳದಲ್ಲಿ ಅವಳಿಗೆ ನಾಲ್ಕು ಗೇಣು ದೂರದಲ್ಲಿ ಕೂರುತ್ತಿದ್ದ. ಪುಟ್ಟಿ ತೆವಳಿ ಬಂದು ಕಾಲು ಹಿಡಿದರೆ, "ಅಯ್ಯಯ್ಯೋ, ತಿಂದ್ಬುಡ್ತು ಕಣ್ರಪ್ಪೋ! ನಮ್ ಚಿಕ್ಕಮಾದಮ್ಮಂಗ್ ಯೋಳ್ಬುಡಿ, ಇವತ್ತೂ ಸಾರ್ಗೆ ಉಪ್ಪಿರ್ನಿಲ್ಲ ಅಂತ!" ಎಂದು ಉರುಳಿ, ನಾಲಿಗೆ ಚಾಚಿ ಸಾಯುತ್ತಿದ್ದ. ಪುಟ್ಟಿಗೆ ಉಸಿರು ಕಟ್ಟುವಷ್ಟು ನಗು. ಮಾರನೆಯ ದಿನ ಒಂದು ಗೇಣು ಹಿಂದಕ್ಕೆ ಸರಿದು ಕೂರುತ್ತಿದ್ದ, ಕಳ್ಳ ಮುದುಕ. ಹಾಗೆ ಗೇಣು ಗೇಣು ಸರಿದೇ ಮೂರು ತಿಂಗಳಲ್ಲಿ ಅವಳಿಂದ ಇಡೀ ಅಂಗಳ ದಾಟಿಸಿದ. ಒಂದು ಸಂಜೆ ಅವಳು ಅವನ ಭುಜ ಹಿಡಿದು ಎದ್ದೇ ನಿಂತಳು.

ಮೇಡಂ ಅದನ್ನು ಕಾರ್ಡಿನಲ್ಲಿ ಬರೆದರು. "ತಿಂಗಳ ಕೊನೆಗೆ ಚಾಮರಾಜನಗರದಲ್ಲಿ ದೊಡ್ಡ ಡಾಕ್ಟ್ರ ಕ್ಯಾಂಪಿದೆ. ಅವರ ಮುಂದೆ ಹೀಗೇ ಎದ್ದು ನಿಂತ್ರೆ ಕಾಲಿಗೆ ಆಸರೆ ಪಟ್ಟಿ ಹಾಕಿ ನಡೆಸಬಹುದು. ನಿಲ್ಲದೆ ಹೋದ್ರೆ ಗಾಲಿ ಕುರ್ಚಿ ಬರೆದು ಕಳಿಸ್ತಾರೆ."

ಆಮೇಲೆ ನಿಜವಾದ ಹುಲಿ ಬಂತು. ಕಾಡಂಚಿನಲ್ಲಿ ಚೆಲುವಯ್ಯನ ಒಂದು ಚಪ್ಪಲಿ ಮೊದಲು ಸಿಕ್ಕಿತು, ಅವನು ಆಮೇಲೆ. ಜೀಪು ಬಂದವು, ಬೋನು ಬಂತು, ಮರಕ್ಕೆ ಕ್ಯಾಮೆರಾ ಕಟ್ಟಿದರು. ಹುಲಿಗೆ ಕಾಡಿದೆ, ಕಾನೂನಿದೆ, ಕೇಳಲು ಜನ ಇದ್ದಾರೆ. ಪುಟ್ಟಿಗೆ ಇದ್ದದ್ದು ಒಂದು ಟವಲು, ಒಬ್ಬ ಮುದುಕ. ಮುದುಕ ಎಲ್ಲಿ ಹೋದನೆಂದು ಅವಳಿಗೆ ಯಾರೂ ಹೇಳಲಿಲ್ಲ. ತಿಥಿಯ ದಿನ ಅವನ ಮನೆ ಮುಂದೆ ಜನ ಸೇರಿದ್ದು ಕಂಡು, ತಾತ ಬಂದಿದ್ದಾನೆ ಎಂದು ತೆವಳಿಕೊಂಡು ಹೋಗಿದ್ದಳು.

ಅಕ್ಕ ಶಿವಲಕ್ಷ್ಮಿ ಅವತ್ತೇ ಟವಲನ್ನು ಒಲೆಗೆ ಹಾಕಿದಳು. "ಇನ್ನೊಂದ್ ಸಲ ಆಟಗೀಟ ಅಂದ್ರೆ ನೋಡು. ಈ ಊರಲ್ಲಿ ಬಾಳ್ಬೇಕಾದೋಳು ನಾನು."

ಶಿವಸ್ವಾಮಿ ಕೇಳಲಿಲ್ಲ. ಆನೆ ಮಾಡಿದ, ಕರಡಿ ಮಾಡಿದ. ಪುಟ್ಟಿ ಮುಷ್ಟಿ ಬಿಚ್ಚಲೇ ಇಲ್ಲ. ಎರಡೂ ಮುಷ್ಟಿಗಳನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಅವಳೇ ಕೇಳಿದಳು.

"ಮಾವ, ಚೆಲುವಯ್ಯ ತಾತ್ನ ನಾನೇ ತಿಂದ್ನಾ?"

"ಯಾರಮ್ಮಿ ಅಂಗಂದೋರು?"

"ಉಲಿ ತಿಂತು ಅಂದ್ರು ಎಲ್ರೂವೆ. ತಾತ ಎದ್ದೇಳ್ನೇ ಇಲ್ಲ."

"ಅದು ಬ್ಯಾರೆ ಉಲಿ ಕಣಮ್ಮಿ. ಕಾಡಿಂದು. ನೀನಲ್ಲ."

"ಮತ್ತೆ ನೀ ಯಾಕ್ ಅಳ್ತಿದ್ದಯ್?"

ಅವಳನ್ನು ಎತ್ತಿಕೊಂಡು ಅವನು ಎದುರು ಮನೆಗೆ ಹೋದ. ಚಿಕ್ಕಮಾದಮ್ಮ ಗಂಡ ಹೋದ ಮನೆಯಲ್ಲಿ ಮೂಲೆ ಹಿಡಿದು ಕೂತಿದ್ದಳು. ವಿಷಯ ಕೇಳಿ ಪುಟ್ಟಿಯ ಮುಷ್ಟಿಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ನೀ ಏನೂ ಮಾಡಿಲ್ಲ ಕಣವ್ವ. ದಿನಕ್ಕೊಂದ್ ಸಲ ಆವಯ್ಯ ನಗ್ತಿದ್ದದ್ದೇ ನಿನ್ನಿಂದ..." ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವಳ ಅಂಗೈಯೊಳಗೆ ಆ ಪುಟ್ಟ ಮುಷ್ಟಿ ಇನ್ನೂ ಬಿಗಿಯಾದದ್ದನ್ನು ಶಿವಸ್ವಾಮಿ ನೋಡಿದ. ದೊಡ್ಡವರೆಲ್ಲ ಸೇರಿ ಸುಳ್ಳು ಹೇಳುತ್ತಿದ್ದಾರೆ ಎಂದು ಅವಳಿಗೆ ಖಾತ್ರಿಯಾಗಿತ್ತು.

ತಿಂಗಳ ಕೊನೆ ಯಾರಿಗೂ ಕಾಯಲಿಲ್ಲ.

ಚಾಮರಾಜನಗರದ ಕ್ಯಾಂಪಿನ ಡಾಕ್ಟರು ಒಳ್ಳೆಯವರೇ. ಬೈಯಲಿಲ್ಲ, ಅವಸರ ಮಾಡಲಿಲ್ಲ. ಚಾಪೆಯ ಮೇಲೆ ಬಣ್ಣದ ಚೆಂಡು ಉರುಳಿಸಿದರು, ಗಿಲಕಿ ಆಡಿಸಿದರು. ಪುಟ್ಟಿ ಕೂರಿಸಿದ ಹಾಗೇ ಕೂತಿದ್ದಳು, ಎದೆಯ ಮೇಲೆ ಎರಡು ಮುಷ್ಟಿ.

"ಅಂಗಳ ದಾಟ್ತಾಳೆ, ಹಿಡ್ಕೊಂಡು ನಿಲ್ತಾಳೆ ಅಂತ ಬರೆದಿದೆಯಲ್ಲಪ್ಪ? ಇಲ್ಲಿ ಅಂಗೈ ಕೂಡ ಊರ್ತಿಲ್ಲ." ಅವರು ಕಾರ್ಡ್ ತಿರುಗಿಸಿದರು. "ಆಟದಿಂದ ಮಾಡಿಸಿದ್ದು ಅಂತಿದೆ. ಅದನ್ನೇ ಒಂದ್ಸಲ ಇಲ್ಲಿ ಆಡಿಸಿ. ನಿಂತ್ರೆ ಇವತ್ತೇ ಪಟ್ಟಿಗೆ ಅಳತೆ ತಗೋತೀನಿ."

ಒಂದು ಗುರ್ರ್. ಒಂದು ಸಲ ಚಾಪೆಯ ಮೇಲೆ ಉರುಳಿ ಸತ್ತರೆ ಸಾಕು. ಬಂದರೂ ಬಂದಾಳು. ಶಿವಸ್ವಾಮಿ ಮಂಡಿಯೂರಿ ಕೂತ. ಅವನ ಬಾಯಿ ತೆರೆದುಕೊಂಡದ್ದನ್ನು ಪುಟ್ಟಿ ಕಂಡಳು, ಏನು ಬರಲಿದೆ ಎಂದು ತಿಳಿದುಕೊಂಡಳು. ಎರಡೂ ಮುಷ್ಟಿಗಳನ್ನು ತನ್ನ ಬಾಯಿಗೇ ಅಡ್ಡ ಇಟ್ಟುಕೊಂಡಳು, ಒಳಗಿನಿಂದ ಏನೋ ಹೊರಬಿದ್ದು ಮಾವನನ್ನೂ ತಿಂದುಬಿಡುವ ಹಾಗೆ.

ಅವನು ಬಾಯಿ ಮುಚ್ಚಿದ.

"ಹೇಳಪ್ಪ," ಅಂದರು ಡಾಕ್ಟರು, "ಯಾವ ಆಟ ಅದು?"

ಶಿವಸ್ವಾಮಿ ಪುಟ್ಟಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಕಾರ್ಡ್ ಮೇಜಿನ ಮೇಲೇ ಇತ್ತು. ಸಾಲಿನಲ್ಲಿ ಕೂತಿದ್ದ ಮಕ್ಕಳನ್ನು, ತಾಯಂದಿರನ್ನು ದಾಟಿ ಬಾಗಿಲ ಕಡೆಗೆ ನಡೆದ.