ಮನೆಯ ಬೀಜ

"ಮೀನು ಜೋಳ ಅಲ್ಲ, ಸಾಹೇಬರೇ," ಎಂದು ಸ್ನೇಹಲ್ ಮರಾಠಿಯಲ್ಲಿ ಹೇಳಿದಳು. ಮೀನುಗಾರಿಕೆ ಇಲಾಖೆಯ ಈ ಹುಡುಗಿ ಬೆಳಿಗ್ಗೆಯೇ ಪುಣೆಯಿಂದ ಬಂದಿದ್ದಳು. ಅವಳ ಮುಂದಿದ್ದ ಬಿಳಿ ತಟ್ಟೆಯ ನೀರಿನಲ್ಲಿ ಇಪ್ಪತ್ತು ಕಾಟ್ಲಾ ಮೀನಿನ ಮರಿಗಳು. ಏಳರ ಬೆನ್ನು ಡೊಂಕು.

ಚನ್ನವೀರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪುಣೆ ಕಡೆಯ ಈ ಶಿರೂರಿನಲ್ಲಿ ಅವನು ಮೀನುಮರಿ ಮಾಡಿ ಮಾರಲು ಶುರುಮಾಡಿ ಹನ್ನೆರಡು ವರ್ಷವಾಗಿತ್ತು. ಇಂಡಿ ಕಡೆಯ ಒಕ್ಕಲುತನದ ಮನೆಯವನು. ಅಪ್ಪ ಜೋಳದ ಒಳ್ಳೆಯ ತೆನೆ ಆರಿಸಿ ಬೀಜಕ್ಕಿಡುತ್ತಿದ್ದಂತೆ ಇವನೂ ತನ್ನ ಕೊಳದ ದಪ್ಪ ಮೀನುಗಳನ್ನೇ ಆರಿಸಿ ಮರಿ ಮಾಡಿಸುತ್ತ ಬಂದಿದ್ದ. ಮೊದಲು ತಂದ ಆರು ಮೀನು ಬಿಟ್ಟರೆ ಹೊರಗಿನದೊಂದೂ ಈ ಕೊಳಕ್ಕೆ ಇಳಿದಿರಲಿಲ್ಲ. ಹೊರಗಿನದನ್ನು ನಂಬುವ ಜಾಯಮಾನವೇ ಅವನದಲ್ಲ.

"ಎಲ್ಲ ಒಂದೇ ರಕ್ತ. ಇಷ್ಟು ಹತ್ತಿರದ ಸಂಬಂಧ ಆದರೆ ಒಳಗೆ ಅಡಗಿದ್ದ ದೋಷ ಮೇಲೆ ಬರುತ್ತದೆ. ಭೀಮಾ ನದಿಯ ಮೀನು ತಂದು ಬೆರೆಸಿ," ಎಂದು ಹೇಳಿ ಸ್ನೇಹಲ್ ಬಸ್ಸಿಗೆ ಹೊರಟಳು.

ಚಹಾ ತಂದಿದ್ದ ಹೆಂಡತಿ ಸಾವಂತ್ರವ್ವ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ್ದಳು.

"ನಮ್ಮ ಕೂಸುಗೋಳಿಗೂ ಹಿಂಗs ಆಗಿತ್ತೇನ್ರಿ?"

ಮಗಳು ನೀತಾಳಿಗಿಂತ ಮೊದಲು ಹುಟ್ಟಿದ ಎರಡೂ ಕೂಸು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಸಾವಂತ್ರವ್ವ ಚನ್ನವೀರನ ಸ್ವಂತ ಅಕ್ಕನ ಮಗಳು. ಬರುವ ಶುಕ್ರವಾರ ನೀತಾಳಿಗೂ ಸೋದರಮಾವನ ಜೊತೆಗೇ, ಅಂದರೆ ಸಾವಂತ್ರವ್ವನ ತಮ್ಮ ಮಾಂತುವಿನ ಜೊತೆ, ಮದುವೆ ನಿಶ್ಚಯವಾಗುವುದಿತ್ತು.

"ಮೀನಿಗೂ ಮನಷ್ಯಾರಿಗೂ ತಳಕ ಹಾಕ್ತಿಯೇನ, ಹುಚ್ಚಿ?"

"ಹುಚ್ಚಿನs ಅನ್ರಿ. ನನ್ಹಂಗ ನೀತಾ ಎರಡು ಕೂಸು ಮಣ್ಣಾಗ ಇಡೂದು ನಾ ನೋಡಂಗಿಲ್ಲ."

ಚನ್ನವೀರ ಕೊಳದ ಸುತ್ತ ಮೂರು ಸಲ ತಿರುಗಿದ. ಊಟಕ್ಕೆ ಕೂತ, ಎರಡು ತುತ್ತಿಗೇ ಎದ್ದ. ಮಾಂತುವಿನ ತಾಯಿಯಾದ ಅಕ್ಕನಿಗೆ ಮಾತು ಕೊಟ್ಟವನು ತಾನೇ. ಅವಳು ಇನ್ನು ಈ ಮನೆಯ ಹೊಸ್ತಿಲು ತುಳಿಯುವಳೇ? ಹೆದರಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಕೊನೆಗೆ ಮಾಂತು ದುಡಿಯುವ ಭೋಸರಿಯ ಕಾರ್ಖಾನೆಗೆ ಫೋನ್ ಹಚ್ಚಿ ಅವನನ್ನು ಕರೆಸಿದ.

"ಮಾಂತೂ, ಶುಕ್ರವಾರ ಬರಬ್ಯಾಡಪಾ. ಈ ಸಂಬಂಧ ಬ್ಯಾಡ."

"ಯಾಕ ಮಾವಾ?"

ಚನ್ನವೀರ ರಿಸೀವರನ್ನು ಕಿವಿಯಿಂದ ಸರಿಸಿದ. ಸಾವಂತ್ರವ್ವ ಅದನ್ನು ಕಸಿದುಕೊಂಡಳು.

"ಅಕ್ಕಾ, ನನ್ನಾಗ ಏನರೆ ಐಬ ಅದ ಏನು?" ಮಾಂತು ಕೇಳುತ್ತಿದ್ದ.

"ನಿನ್ನಾಗ ಅಲ್ಲೋ ತಮ್ಮಾ, ನಮ್ಮೆಲ್ಲಾರ ರಕ್ತ ಒಂದs ಅದ," ಎಂದಳು. ಚನ್ನವೀರ ಅವಳ ಕಾಲ ಬಳಿ, ನೆಲದ ಮೇಲೆ ಕುಳಿತುಬಿಟ್ಟ.