ಮೇಷ್ಟ್ರು ಮುಟ್ಟಿದ ವಾಲ್ವ್

ಅಕ್ಕನಿಗೆ ಬೆಳಗ್ಗೆಯಿಂದಲೇ ಮೈ ಉರಿಯುತ್ತಿತ್ತು. ಭುಜದ ಆಪರೇಷನ್ ಆಗಿ ವರ್ಷ ತುಂಬುತ್ತ ಬಂದಿತ್ತು. ಹರಿದ ಜಾಗ ಚೆನ್ನಾಗಿ ಕೂಡಿಕೊಂಡಿದೆ, ಇನ್ನು ನೀರಿಗಿಳಿಯಬಹುದು ಎಂದು ಡಾಕ್ಟರೇ ಹೇಳಿಯಾಗಿತ್ತು. ಆದರೆ ಡಾಕ್ಟರ್ ಹೇಳಿದರೆ ಸಾಕೇ, ಗಂಡ ಒಪ್ಪಬೇಡವೇ? ಅವಳು ಹಲ್ಲುಜ್ಜಿ ಬರುವಷ್ಟರಲ್ಲಿ ಅವರು ಅವಳ ಬ್ಯಾಗು ತುಂಬಿ ಜಿಪ್ ಎಳೆದಿಟ್ಟಿದ್ದರು. ಅವಳ ಕೈಗೆ ತ್ರಾಸವಾಗಬಾರದೆಂದು ನೀರಿನ ಬಾಟಲಿಯ ಮುಚ್ಚಳವನ್ನೂ ಮೊದಲೇ ಸಡಿಲ ಮಾಡಿದ್ದರು. ಅದು ಬ್ಯಾಗಿನೊಳಗೆ ಮಗುಚಿಕೊಂಡು ಟವೆಲ್ಲು, ಬಟ್ಟೆ ಎಲ್ಲ ತೊಪ್ಪೆಯಾಗಿತ್ತು.

"ರೀ, ನಾನೇನು ಗಾಜಿನ ಗೊಂಬೆನಾ?"

"ಗೊಂಬೆ ಆಗಿದ್ರೆ ಹೇಳಿದ ಮಾತು ಕೇಳ್ಕೊಂಡು ಶೋಕೇಸಲ್ಲಿ ಕೂತಿರ್ತಿತ್ತು" ಎಂದರು ಮೇಷ್ಟ್ರು.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಮಕ್ಕಳು ಬಿಡಿಸಿದ ಲೆಕ್ಕವನ್ನು ತಾವೊಮ್ಮೆ ಬಿಡಿಸಿ ನೋಡದಿದ್ದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಸ್ಕೂಬಾ ಡೈವಿಂಗ್ ಕಲಿತದ್ದು ಮಾತ್ರ ಹೆಂಡತಿಯಿಂದ. ಬಂದರಿನ ಡೈವಿಂಗ್ ಅಂಗಡಿಯಲ್ಲಿ ಅವಳು ಎಲ್ಲರಿಗೂ ಅಕ್ಕ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿಯುವುದನ್ನು ಅರ್ಧ ಊರಿಗೆ ಕಲಿಸಿದವಳು. ಒಂದು ದಿನ ದೋಣಿಯ ಏಣಿ ಹತ್ತುವಾಗ ಅಲೆ ಬಡಿದು, ಒಂದೇ ಕೈಯಲ್ಲಿ ಜೋತುಬಿದ್ದು ಬಲಭುಜದ ಸ್ನಾಯು ಹರಿದುಕೊಂಡಳು. ಅಂದಿನಿಂದ ಅವಳ ಕೆಲಸ ಕೌಂಟರಿಗೆ ಬಂತು. ಕಣ್ಣಿನ ಮುಂದಿನ ಗಾಜಿಗೆ ಮಂಜು ಕಟ್ಟದಿರಲಿ ಎಂದು ಜನ ಡೈವಿಂಗ್ ಮಾಸ್ಕಿನೊಳಗೆ ಉಗುಳಿ, ಉಜ್ಜಿ, ಹಾಕಿಕೊಂಡು, ವಾಪಸು ತಂದು ಕೊಡುತ್ತಿದ್ದರು. ಅಕ್ಕ ಅದನ್ನು ತೊಳೆಯುತ್ತಿದ್ದಳು. ಕಲಿಸುತ್ತಿದ್ದವಳು ಊರವರ ಎಂಜಲು ತೊಳೆಯುತ್ತ ಕೂತದ್ದು ಅವಳಿಗೆ ಭುಜಕ್ಕಿಂತ ಹೆಚ್ಚು ನೋಯುತ್ತಿತ್ತು.

ಅಂಗಡಿಗೂ ದೋಣಿಗೂ ಒಡೆಯನಾದವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಅವನು ಹಿಂದಿನ ದಿನವೇ ಖಡಾಖಂಡಿತವಾಗಿ ಹೇಳಿದ್ದ: "ನಾಳೆ ಮೇಷ್ಟ್ರ ಜೊತೆ ಒಂದ್ಸಲ ಇಳಿದು ಬನ್ನಿ ಅಕ್ಕ. ಸರಿಯಾಗಿ ಬಂದ್ರೆ ಸೋಮವಾರದ ಕ್ಲಾಸು ನಿಮ್ದೇ. ಅರ್ಧಕ್ಕೇ ಎದ್ದು ಬಂದ್ರೆ ಮಾತ್ರ, ಬೇಜಾರ್ ಮಾಡ್ಕೋಬೇಡಿ, ಮುಂದಿನ ಸೀಸನ್ನಿನವರೆಗೂ ಕೌಂಟರು."

ದೋಣಿಯಲ್ಲಿ ಅಕ್ಕ ತನ್ನ ಸಿಲಿಂಡರಿನ ವಾಲ್ವನ್ನು ತಾನೇ ಪೂರ್ತಿ ತೆರೆದಳು. ಉಸಿರೆಳೆದು ನೋಡಿದಳು, ಗಾಳಿಯ ಮೀಟರಿನ ಮುಳ್ಳು ಅಲುಗಲಿಲ್ಲ, ಅಂದರೆ ವಾಲ್ವ್ ಸರಿಯಾಗಿ ತೆರೆದಿದೆ. ಆಮೇಲೆ ಬೆನ್ನಿಗೇರಿಸಿಕೊಂಡಳು. ಡೈವಿಂಗಿನಲ್ಲಿ ಯಾರೂ ಒಂಟಿಯಾಗಿ ಇಳಿಯುವುದಿಲ್ಲ. ಜೋಡಿಯಾಗಿ ಇಳಿಯಬೇಕು, ಇಳಿಯುವ ಮೊದಲು ಒಬ್ಬರ ಸಾಮಾನನ್ನು ಇನ್ನೊಬ್ಬರು ನೋಡಬೇಕು. ಮೇಷ್ಟ್ರು ಬಕಲು ನೋಡಿದರು, ಬೆಲ್ಟು ನೋಡಿದರು, ಮತ್ತೆ ಬಕಲು ನೋಡಿದರು. ಅವಳು ದೋಣಿಯ ಅಂಚಿಗೆ ಬಂದು ಕೂತು ಇನ್ನೇನು ಹಿಮ್ಮುಖವಾಗಿ ನೀರಿಗೆ ಬೀಳಬೇಕು, ಅಷ್ಟರಲ್ಲಿ "ತಡಿ, ತಡಿ" ಎಂದು ಬೆನ್ನ ಹಿಂದೆ ಬಾಗಿ ಏನೋ ಮಾಡಿದರು.

"ಏನ್ರೀ ಅದು?"

"ಏನಿಲ್ಲ, ಏನಿಲ್ಲ."

ಇನ್ನೊಂದು ಮಾತು ಕೇಳಬೇಕಿತ್ತು. ಆದರೆ ಕೇಳುವಷ್ಟು ತಾಳ್ಮೆಯೂ ಅವಳಲ್ಲಿ ಉಳಿದಿರಲಿಲ್ಲ. ದಡಕ್ಕನೆ ಬಿದ್ದುಬಿಟ್ಟಳು.

ನೀರು ಮುಚ್ಚಿಕೊಂಡ ಕೂಡಲೇ ಸಿಟ್ಟೆಲ್ಲ ಇಳಿದುಹೋಯಿತು. ಕಿವಿಯ ಒತ್ತಡ ಬಿಡಿಸಿಕೊಳ್ಳುತ್ತ, ಹಗ್ಗದ ಪಕ್ಕದಲ್ಲೇ ಕೆಳಗಿಳಿದಳು. ಭುಜ ಹಗುರವಾಗಿತ್ತು. ಮನೆಯಲ್ಲಿ ಸೀರೆ ಒಣಹಾಕಲು ಗೋಳಾಡುತ್ತಿದ್ದ ಕೈ ಇಲ್ಲಿ ಹೇಳಿದ ಮಾತು ಕೇಳುತ್ತಿತ್ತು. ಹಿಂದೆಯೇ ಇಳಿದು ಎದುರಿಗೆ ಬಂದ ಮೇಷ್ಟ್ರು ಹೆಬ್ಬೆರಳು ತೋರುಬೆರಳು ಸೇರಿಸಿ, 'ಸರಿಯಾ?' ಎಂದು ಕೇಳಿದರು. 'ಸರಿ' ಎಂದು ಬೆರಳು ತೋರಿಸಿದಳು. ಅವಳು ಒಂದು ಉಸಿರು ಬಿಡುವಷ್ಟರಲ್ಲಿ ಮತ್ತೆ 'ಸರಿಯಾ?' ನೀರಿನೊಳಗೆ ಮಾತಾಡಲಾಗದು ಎಂಬ ಒಂದೇ ಸುಖವನ್ನೂ ಈ ಮನುಷ್ಯ ಕೆಡಿಸಿಬಿಟ್ಟರು.

ತಳ ಹತ್ತಿರವಾಗುತ್ತಿದ್ದಂತೆ ಉಸಿರು ಬಿಗಿಯಾಯಿತು. ಎಳೆದಷ್ಟು ಗಾಳಿ ಬರುತ್ತಿರಲಿಲ್ಲ. ಮೀಟರು ನೋಡಿದಳು. ಉಸಿರೆಳೆದರೆ ಮುಳ್ಳು ಸರ್ರನೆ ಕೆಳಗೆ, ಬಿಟ್ಟರೆ ಮೇಲಕ್ಕೆ. ಅವಳಿಗೆ ತಕ್ಷಣ ಅರ್ಥವಾಯಿತು. ಸಿಲಿಂಡರಿನಲ್ಲಿ ಗಾಳಿ ತುಂಬಾ ಇದೆ, ವಾಲ್ವ್ ಕೂದಲೆಳೆಯಷ್ಟು ಮಾತ್ರ ತೆರೆದಿದೆ. ಮೇಲೆ ಅಷ್ಟು ಸಾಕಾಗುತ್ತದೆ. ಆಳದಲ್ಲಿ ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಬೇಕು, ಸಾಲುವುದಿಲ್ಲ. ಮೇಷ್ಟ್ರು ಬೆನ್ನ ಹಿಂದೆ ಮಾಡಿದ 'ಏನಿಲ್ಲ' ಇದೇ. ಸರಿಯಿದೆಯೋ ಇಲ್ಲವೋ ನೋಡಲು ಹೋಗಿ, ಉಲ್ಟಾ, ಮುಚ್ಚುವ ಕಡೆಗೆ ಕೊನೆಯವರೆಗೂ ತಿರುಗಿಸಿ, ಪೂರ್ತಿ ತೆರೆಯಿತು ಎಂದುಕೊಂಡು, ರೂಢಿಯಂತೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಟ್ಟಿದ್ದಾರೆ. ಹೆಂಡತಿಯ ಮೇಲಿನ ಅಕ್ಕರೆಯಿಂದ ಹೆಂಡತಿಯ ಗಾಳಿ ಮುಚ್ಚಿದ್ದಾರೆ!

ಮಾಡಬೇಕಾದದ್ದು ಸುಲಭವಿತ್ತು. ಅಂಗೈ ಅಲ್ಲಾಡಿಸಿ 'ತೊಂದರೆ' ಎಂದು ತೋರಿಸಿದರೆ ಮುಗಿಯಿತು. ಮೇಷ್ಟ್ರು ಬಂದು ತಮ್ಮ ಸಿಲಿಂಡರಿನಿಂದಲೇ ಉಸಿರಾಡಲು ಇನ್ನೊಂದು ಮೌತ್‌ಪೀಸ್ ಕೊಡುತ್ತಾರೆ. ಆಮೇಲೆ ಅವಳ ತೋಳು ಹಿಡಿದು ದರದರನೆ ಮೇಲಕ್ಕೆ ಎಳೆದೊಯ್ಯುತ್ತಾರೆ. ಆಮೇಲೆ ಮಾಸ್ಕು, ಎಂಜಲು, ಕೌಂಟರು. ಇಲ್ಲ, ಸಾಧ್ಯವೇ ಇಲ್ಲ.

ಬಲಗೈಯನ್ನು ತಲೆಯ ಹಿಂದಕ್ಕೆ ಹಾಕಿದಳು. ಕೈ ಕುತ್ತಿಗೆಯವರೆಗೆ ಹೋಗಿ ನಿಂತಿತು. ಫಿಸಿಯೋಥೆರಪಿ ಹುಡುಗಿ ತಿಂಗಳುಗಟ್ಟಲೆ "ಇನ್ನೊಂಚೂರು ಆಂಟಿ, ಇನ್ನೊಂಚೂರು" ಎಂದು ಜೀವ ತಿಂದದ್ದು ಈ ಜಾಗದಲ್ಲೇ. ಬೆರಳ ತುದಿಗೆ ವಾಲ್ವಿನ ತಲೆ ತಾಗಿತು, ಹಿಡಿತಕ್ಕೆ ಸಿಗಲಿಲ್ಲ. ಉಸಿರೆಳೆದಳು, ಅರ್ಧ ಬಂತು. ಎಡಗೈಯನ್ನು ಬೆನ್ನ ಕೆಳಗೆ ಹಾಕಿ ಸಿಲಿಂಡರಿನ ಬುಡವನ್ನು ಮೇಲಕ್ಕೆ ನೂಕಿದಳು. ವಾಲ್ವ್ ಮೇಲೆ ಬಂದು ಕೈಗೆ ಸಿಕ್ಕಿತು. ಭುಜದೊಳಗೆ ಚುಳ್ಳೆಂದಿತು, ಬಿಡಲಿಲ್ಲ. ತಿರುಗಿಸಿದಳು, ಇನ್ನೂ ತಿರುಗಿಸಿದಳು. ಗಾಳಿ ಧಾರಾಳವಾಗಿ ಬಾಯಿಗೆ ಬಂತು.

ಖುಷಿಗೆ ಕೂಗಿಕೊಳ್ಳಬೇಕು ಎನಿಸಿತು ಅವಳಿಗೆ. ತಲೆಯೆತ್ತಿದರೆ, ಎದುರಿಗೆ ಮೇಷ್ಟ್ರು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟುತ್ತಿದ್ದರು.

ದೋಣಿ ಹತ್ತಿದ ಮೇಲೂ ಅವರ ಸಂಭ್ರಮ ಇಳಿದಿರಲಿಲ್ಲ. "ನೀರೊಳಗೇ ಎಕ್ಸರ್‌ಸೈಜ್ ಮಾಡಿದ್ಲು ಕಣಯ್ಯಾ ಕ್ಯಾಪ್ಟನ್! ಕೈ ಹೆಂಗೆ ಹಿಂದಕ್ಕೆ ಹೋಯ್ತು ಅಂತೀಯ!"

"ಎಕ್ಸರ್‌ಸೈಜಂತೆ!" ಅಕ್ಕ ಮಾಸ್ಕನ್ನು ಬೆಂಚಿನ ಮೇಲೆ ಕುಕ್ಕಿದಳು. "ನನ್ನ ವಾಲ್ವ್ ಮುಟ್ಟಿದ್ರೋ ಇಲ್ವೋ, ಅದನ್ನ ಹೇಳಿ ಮೊದ್ಲು."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. "ತೆರೆದಿದೆಯಾ ಅಂತ ಒಂದ್ಸಲ..."

"ತೆರೆದಿದ್ದನ್ನ ಮುಚ್ಚಿದ್ರಿ!"

ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವರು ಬೈಯಿಸಿಕೊಳ್ಳುತ್ತಾರೆ, ಕ್ಷಮೆ ಕೇಳುತ್ತಾರೆ, ತಾನು ಸಂಜೆಯವರೆಗೂ ಮುಖ ಊದಿಸಿಕೊಂಡಿರಬಹುದು ಎಂದುಕೊಂಡಿದ್ದಳು. ಮೇಷ್ಟ್ರು ಬೆಂಚಿನ ಮೇಲೆ ಕುಸಿದು ತಮ್ಮ ಅಂಗೈಗಳನ್ನೇ ನೋಡುತ್ತ ಕೂತರು.

"ನಾನು ಚಪ್ಪಾಳೆ ತಟ್ಟಿದೆ" ಎಂದರು. "ನೀನು ಉಸಿರಿಗೆ ಒದ್ದಾಡ್ತಿದ್ದೆ, ನಾನು ಚಪ್ಪಾಳೆ ತಟ್ಟಿದೆ. ಇಷ್ಟು ಹತ್ರ ಇದ್ದೆನಲ್ಲೇ. ಯಾಕೆ ಕೈ ತೋರಿಸ್ಲಿಲ್ಲ?"

"ತೋರಿಸಿದ್ರೆ ಮೇಲಕ್ಕೆ ಎಳ್ಕೊಂಡು ಬರ್ತಿದ್ರಿ."

"ಬರ್ತಿದ್ದೆ. ಅದಕ್ಕೇ ಅಲ್ವಾ ನಾನು ಪಕ್ಕದಲ್ಲಿರೋದು?"

ಕ್ಯಾಪ್ಟನ್ ಅಷ್ಟೂ ಹೊತ್ತು ಹಗ್ಗ ಸುತ್ತುತ್ತ ಕೇಳಿಸಿಕೊಳ್ಳುತ್ತಿದ್ದವನು, ಹಗ್ಗ ಕೆಳಗಿಟ್ಟ.

"ಮೇಷ್ಟ್ರೇ, ನಿಮಗೇನು ಹೇಳೋದು, ನಿಮಗೇ ಗೊತ್ತಾಗಿದೆ. ಅಕ್ಕಾ, ನಿಮ್ಮ ಕೈ ಪಾಸು. ನೀವು ಫೇಲು. ತೊಂದ್ರೆ ಆದ್ರೆ ಮೊದ್ಲು ಜೊತೆಗಾರನಿಗೆ ಹೇಳಿ ಅಂತ ನನಗೆ ಕಲಿಸಿದ್ದು ಯಾರು? ಸೋಮವಾರ ಬರೋರಿಗೆ ಏನಂತ ಪಾಠ ಹೇಳ್ತೀರಿ?"

ಸರಿಯಾದ ಮಾತಿಗೆ ಬರುವಷ್ಟು ಸಿಟ್ಟು ತಪ್ಪು ಮಾತಿಗೆ ಬರುವುದಿಲ್ಲ. ಅಕ್ಕ ಯಾರ ಮುಖವನ್ನೂ ನೋಡದೆ ಬ್ಯಾಗಿನಿಂದ ಟವೆಲ್ಲು ಎಳೆದು ಹೊದ್ದು ಕೂತಳು. ಅದು ಒದ್ದೆಯಾಗಿದ್ದರಿಂದ ಚಳಿ ಇನ್ನೂ ಹೆಚ್ಚಾಯಿತು. ಕೊನೆಗೆ ಎದ್ದು, ಸ್ಟ್ಯಾಂಡಿನಲ್ಲಿದ್ದ ಇನ್ನೊಂದು ಸಿಲಿಂಡರ್ ಎಳೆದು ಕಟ್ಟಿದಳು, ವಾಲ್ವ್ ತೆರೆದಳು, ಬೆನ್ನಿಗೇರಿಸಿದಳು.

"ಇನ್ನೊಂದ್ಸಲ ಇಳೀತೀನಿ, ಕ್ಯಾಪ್ಟನ್."

ಕ್ಯಾಪ್ಟನ್ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡರು.

"ಬನ್ನಿ, ವಾಲ್ವ್ ನೋಡಿ" ಎಂದು ಅಕ್ಕ ಅವರಿಗೆ ಬೆನ್ನು ಕೊಟ್ಟು ನಿಂತಳು.

"ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು. ನಾನಿನ್ನು ಅದನ್ನ ಮುಟ್ಟಲ್ಲ."

"ಅಯ್ಯೋ ದೇವರೇ! ಬೇಡ ಅಂದ್ರೆ ಕದ್ದು ಮುಟ್ತೀರಿ, ಮುಟ್ಟಿ ಅಂದ್ರೆ ಮುಟ್ಟಲ್ಲ ಅಂತೀರಿ. ನಿಮ್ಮನ್ನ ಕಟ್ಕೊಂಡು ನಾನೇನು ಮಾಡ್ಲಿ?" ಎಂದು ಸಿಡುಕಿದಳು. ಅವರು ಕದಲಲಿಲ್ಲ. ಅವಳು ತಿರುಗಲಿಲ್ಲ. ದನಿ ತಗ್ಗಿಸಿ ಅಂದಳು: "ಬೆನ್ನ ಹಿಂದೆ ನನಗೆ ಕಾಣಲ್ಲ ರೀ. ನೀವೇ ನೋಡ್ಬೇಕು."

ಮೇಷ್ಟ್ರು ಎದ್ದು ಬಂದರು. ಒಂದು ಕೈಯನ್ನು ವಾಲ್ವಿನ ಮೇಲಿಟ್ಟು, ಇನ್ನೊಂದರಲ್ಲಿ ಮೀಟರು ಹಿಡಿದರು.

"ಉಸಿರು ಎಳಿ" ಎಂದರು. ಅವಳು ಎಳೆದಳು. "ಮುಳ್ಳು ಅಲ್ಲಾಡ್ತಿಲ್ಲ. ತೆರೆದೇ ಇದೆ. ಹಾಗೇ ಬಿಟ್ಬಿಡ್ಲಾ?"

"ಬಿಟ್ಬಿಡಿ."

ಮೇಷ್ಟ್ರು ಬಿಟ್ಟರು.