ಚೇಳು ಇರುವೆಯಾದ ದಿನ

ಮಂಡಿನೋವು ಯಾರ ಮನೆಯಲ್ಲಿಲ್ಲ ಹೇಳಿ? ಒಂದು ಮನೆಯಲ್ಲಿ ಅಜ್ಜಿಗೆ, ಇನ್ನೊಂದರಲ್ಲಿ ಮಾವನಿಗೆ, ಮತ್ತೊಂದರಲ್ಲಿ ನಿಂತೇ ಪಾಠ ಮಾಡುವ ಮೇಡಂಗೆ. ಎಲ್ಲರ ಮನೆಯಲ್ಲೂ ಅದು ಬರೀ ನೋವು. ಉಪ್ಪಿನ ಗದ್ದೆಯ ಪಕ್ಕದ ಆ ಸಾಲುಮನೆಗಳಲ್ಲಿ ಮಾತ್ರ ಅದು ಸುದ್ದಿ.

ಸಮುದ್ರದ ನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು, ಹಲಗೆ ಬಡಿದ ಕೋಲಿನಿಂದ ಉಪ್ಪನ್ನು ಎಳೆದು ರಾಶಿ ಹಾಕುವುದು ಅಲ್ಲಿಯವರ ಕೆಲಸ. ರಾಶಿಗೆ ಮಳೆ ತಾಗಿತೋ, ತಿಂಗಳುಗಟ್ಟಲೆ ದುಡಿದದ್ದು ಕರಗಿ, ಬಂದ ದಾರಿಯಲ್ಲೇ ಸಮುದ್ರಕ್ಕೆ ವಾಪಸ್. ಹಾಗಾಗಿ ಮಳೆ ಬರುವ ಮುಂಚೆಯೇ ತಾಡಪಾಲು ಹೊದಿಸಬೇಕು. ಯಾವಾಗ ಹೊದಿಸಬೇಕು ಎಂದು ಹೇಳುತ್ತಿದ್ದವಳು ಮಂಡಿಯಮ್ಮ. ಉಪ್ಪುನೀರಿನಲ್ಲಿ ನಿಂತು ನಿಂತು ಹಾಳಾದ ಅವಳ ಬಲಮಂಡಿ ಮೋಡಕ್ಕಿಂತ ಮೊದಲೇ ಮಾತಾಡುತ್ತಿತ್ತು. ಒಳಗೆ ಇರುವೆ ಹರಿದ ಹಾಗಾದರೆ ತುಂತುರು ಮಳೆ; ಹೋಗಿ ರಾಶಿ ಮುಚ್ಚಿ ಬನ್ನಿ. ಚೇಳು ಕುಟುಕಿದ ಹಾಗಾದರೆ ದೊಡ್ಡ ಗಾಳಿಮಳೆ. ರಾಶಿ ಹಾಳಾಗಿ ಹೋಗಲಿ, ಯಾರೂ ಗದ್ದೆಗೆ ಇಳಿಯಬೇಡಿ.

ಹೀಗಾಗಿ ಮೋಡದ ದಿನಗಳಲ್ಲಿ ಗದ್ದೆಯ ಮೇಸ್ತ್ರಿ ಅವಳ ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, ಇವತ್ತು ಇರುವೆಯೋ ಚೇಳೋ ಎಂದು ಕೇಳುವನು. ಗಂಡ ಸತ್ತ ಮೇಲೆ ಮೂಲೆ ಸೇರಬೇಕಾಗಿದ್ದ ಹೆಂಗಸಿನ ಮುಂದೆ ಇಡೀ ಸಾಲು ಕೈಕಟ್ಟಿ ನಿಲ್ಲುತ್ತಿತ್ತು. ಹವಾಮಾನದವರ ಹತ್ತಿರ ಇರುವುದು ಬರೀ ಹವಾ, ಮಾನವೆಲ್ಲ ಮಂಡಿಯಮ್ಮನದು ಎಂದು ಜನ ನಗುತ್ತಿದ್ದರು.

ಅವಳಿಗೆ ಒಬ್ಬನೇ ಮಗ. ಅಡ್ಡಹೆಸರು ಮೈಕು. ಚಂಡಮಾರುತದ ಎಚ್ಚರಿಕೆ ಕೂಗುತ್ತ ಬರುವ ವ್ಯಾನಿನವನ ದನಿಯನ್ನು ಅವನು ಮೂಗು ಹಿಡಿದುಕೊಂಡು ಥೇಟ್ ಹಾಗೇ ಕೂಗುತ್ತಿದ್ದ, ನಡುನಡುವೆ ಬರುವ ಕರಕರ ಸದ್ದಿನ ಸಮೇತ. ಹಿಂದಿನ ವರ್ಷ ವ್ಯಾನಿನವನ ಮಾತು ಕೇಳಿ ಎಲ್ಲರೂ ಗಂಟುಮೂಟೆ ಹೊತ್ತು ಶಾಲೆಯ ಮೇಲಿನ ಮಹಡಿಗೆ ಹೋಗಿದ್ದರು. ಚಂಡಮಾರುತ ಬೇರೆ ಕಡೆ ತಿರುಗಿತು. ಒದ್ದೆ ಅಂಗಿ ಒಣಗುವಷ್ಟು ಗಾಳಿಯೂ ಬೀಸಲಿಲ್ಲ. ಮಂಡಿಯಮ್ಮನ ಮಂಡಿ ಅವತ್ತು ತೆಪ್ಪಗಿತ್ತು. ಅಲ್ಲಿಂದ ಮೈಕುವಿನ ಕೂಗಿಗೆ ಹೊಸ ಸಾಲು ಸೇರಿತು: ಸಾರ್ವಜನಿಕರ ಗಮನಕ್ಕೆ, ಚಂಡಮಾರುತಕ್ಕೆ ಬಸ್ಸು ತಪ್ಪಿದೆ, ಮುಂದಿನ ವರ್ಷ ಬರುತ್ತದೆ. ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಈ ವರ್ಷ ಮಳೆಯಿರಲಿ ಬಿಸಿಲಿರಲಿ, ನೋವು ಮಂಡಿಯಮ್ಮನನ್ನು ಮಲಗಗೊಡಲಿಲ್ಲ. ಸೊಸೆಯೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ನೋಡಿ ಬರೆದರು. ನರ್ಸಕ್ಕ ಮಾತ್ರೆ ಕೊಟ್ಟು, ಊಟದ ಮೇಲೆ ನುಂಗಬೇಕು, ನೋವು ಕಮ್ಮಿಯಾದರೆ ಮಂಡಿ ಹೊಸದಾಯಿತು ಅಂತಲ್ಲ ಎಂದು ಬಿಡಿಸಿ ಹೇಳಿದಳು. ಮಂಡಿಯಮ್ಮ ಗೋಡೆ ಹಿಡಿಯದೆ ನಡೆಯತೊಡಗಿದಳು. ಆದರೆ ಮಾತ್ರೆಯ ವಿಷಯ ಹೊಸಿಲು ದಾಟಕೂಡದು ಎಂದು ಮಗ, ಸೊಸೆ ಇಬ್ಬರಿಗೂ ತಾಕೀತು ಮಾಡಿದಳು. ಮಾತ್ರೆ ನುಂಗುವ ಮಂಡಿಯನ್ನು ಕೇಳಲು ಮೇಸ್ತ್ರಿ ಯಾಕೆ ಬಂದಾನು?

ಮನೆಯ ಮೂವರಿಗೂ ಮಾತ್ರೆ ಗೊತ್ತಿತ್ತು. ಮೂವರಿಗೂ ಮಂಡಿಯ ಲೆಕ್ಕ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಆ ಬೆಳಿಗ್ಗೆ ಸೆಕೆ ಮೈಗೆ ಅಂಟುತ್ತಿತ್ತು. ವ್ಯಾನು ಬಂತು. ಮಧ್ಯಾಹ್ನದ ಹೊತ್ತಿಗೆ ಚಂಡಮಾರುತ ದಡ ಮುಟ್ಟುತ್ತದೆ, ಸಮುದ್ರ ಏರಬಹುದು, ತಗ್ಗಿನಲ್ಲಿರುವವರು ಈಗಲೇ ಶಾಲೆಗೆ ಹೋಗಬೇಕು ಎಂದು ಕೂಗಿಹೋಯಿತು. ಹಿಂದೆಯೇ ಮೇಸ್ತ್ರಿ ಬಂದ. ವರ್ಷದ ಕಡೆಯ ರಾಶಿ ಬಯಲಿನಲ್ಲಿ ಬಿದ್ದಿತ್ತು. ಮಂಡಿಯಮ್ಮ ಕಣ್ಣುಮುಚ್ಚಿ ಮಂಡಿಯ ಮೇಲೆ ಅಂಗೈ ಇಟ್ಟಳು. ಒಳಗೆ ಏನೋ ಸಣ್ಣಗೆ ಹರಿದಾಡಿತು.

“ಇರುವೆ,” ಎಂದಳು.

ಅಷ್ಟರಲ್ಲಿ ಮನೆಮನೆಗೆ ಹೋಗಿ ಜನರನ್ನು ಹೊರಡಿಸುತ್ತಿದ್ದ ನರ್ಸಕ್ಕ ಒಳಗೆ ಬಂದಳು. ಇನ್ನೂ ಗಂಟು ಕಟ್ಟಿಲ್ಲವೇ ಎಂದು ಕೇಳಿದಳು. ಮೈಕು ಮೂಗು ಹಿಡಿದುಕೊಂಡ. “ಸಾರ್ವಜನಿಕರ ಗಮನಕ್ಕೆ. ಮಂಡಿ ಕೇಂದ್ರದಿಂದ ಈಗಷ್ಟೇ ಬಂದ ವರದಿ. ಬರೀ ಇರುವೆ.”

ಮೇಸ್ತ್ರಿ ನಕ್ಕ. ನರ್ಸಕ್ಕ ನಗಲಿಲ್ಲ. ಮಂಡಿಯಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಅಮ್ಮಾ, ಇವತ್ತು ಮಾತ್ರೆ ತಗೊಂಡ್ರಾ?”

ಮಂಡಿಯಮ್ಮ ಮೇಸ್ತ್ರಿಯ ಮುಖ ನೋಡಿದಳು. “ಯಾವ ಮಾತ್ರೆ? ನನಗ್ಯಾಕಮ್ಮ ಮಾತ್ರೆ?”

ಸೊಸೆ ಬಾಯಿ ತೆರೆದಳು. ಅತ್ತೆಯ ಕಣ್ಣು ಅವಳ ಕಡೆ ತಿರುಗಿತು. ಬಾಯಿ ಮುಚ್ಚಿಕೊಂಡಿತು.

“ಮಾತ್ರೆ ಒಳಗಿದ್ರೆ ಚೇಳು ಕುಟುಕಿದ್ರೂ ಇರುವೆ ಥರಾನೇ ಇರುತ್ತೆ,” ಎಂದಳು ನರ್ಸಕ್ಕ. “ಗಾಳಿಯ ಒತ್ತಡ ಇಳಿದಾಗ ಕೆಲವರಿಗೆ ಕೀಲು ನೋಯಬಹುದು. ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಚಂಡಮಾರುತ ಎಲ್ಲಿದೆ, ಯಾವ ಕಡೆ ತಿರುಗುತ್ತೆ, ಸಮುದ್ರ ಎಷ್ಟು ಮೇಲೆ ಬರುತ್ತೆ, ಇದೆಲ್ಲ ಯಾವ ಮಂಡಿಗೂ ಗೊತ್ತಾಗಲ್ಲ. ಅದನ್ನ ಮೇಲಿಂದ ನೋಡ್ತಿರೋರು ಹೇಳ್ತಿದ್ದಾರೆ. ಹೊರಡಿ.”

ಹೋದ ವರ್ಷವೂ ಅವರು ಮೇಲಿಂದಲೇ ನೋಡಿದ್ದರಲ್ಲ ಎಂದು ಮೇಸ್ತ್ರಿ ಗೊಣಗಿದ. ಅಂದಾಜು ಒಮ್ಮೆ ತಪ್ಪಬಹುದು, ತಪ್ಪಿದರೆ ಹೋಗುವುದು ಒಂದು ದಿನ ಎಂದು ನರ್ಸಕ್ಕ ವಾದಿಸಿದಳು. ಆಚೆ ಬೀದಿಯಲ್ಲಿ ನಡೆಯಲಾರದ ಮುದುಕರು ಅವಳಿಗಾಗಿ ಕಾಯುತ್ತಿದ್ದರು. ಕೊನೆಗೆ ಮೈಕು ರಾಜಿ ಮಾಡಿಸಿದ. ಅಮ್ಮನೂ ಹೆಂಡತಿಯೂ ನರ್ಸಕ್ಕನ ಜೊತೆ ಹೋಗಲಿ, ತಾನು ಮೇಸ್ತ್ರಿಯ ಜೊತೆ ರಾಶಿ ಮುಚ್ಚಿ, ಇವರಿಗಿಂತ ಮೊದಲೇ ಶಾಲೆಯಲ್ಲಿರುತ್ತೇನೆ ಎಂದ. ನರ್ಸಕ್ಕ ಅವನ ತೋಳು ಹಿಡಿದು ಬೇಡ ಎಂದಳು. ಅವನು ತಾಯಿಯ ಕಡೆ ನೋಡಿದ. ಆಗಲೂ ಸಮಯವಿತ್ತು. ಆಗಲೂ ಒಂದು ಮಾತು ಸಾಕಿತ್ತು.

“ಹೋಗಿ ಬಾ ಮಗಾ,” ಎಂದಳು ಮಂಡಿಯಮ್ಮ. “ತುಂತುರು ಅಷ್ಟೇ.”

ಮಳೆ ನಿಜವಾಗಿಯೂ ತುಂತುರಾಗಿಯೇ ಶುರುವಾಯಿತು. ಆಮೇಲೆ ಗಾಳಿ ಬಂತು. ಗಾಳಿಯ ಹಿಂದೆ ಸಮುದ್ರ ಎದ್ದು ಬಂತು. ಶಾಲೆಯ ಮೇಲಿನ ಮಹಡಿಯ ಕಿಟಕಿಯಲ್ಲಿ ಅತ್ತೆ, ಸೊಸೆ ನಿಂತಿದ್ದರು. ಪಾತಿಗಳ ನಡುವಿನ ಬದುಗಳು ಒಂದೊಂದೇ ಅಳಿಸಿಹೋದವು. ಗದ್ದೆ ಎಲ್ಲಿ ಮುಗಿಯಿತು, ಕಡಲು ಎಲ್ಲಿ ಶುರುವಾಯಿತು ಎಂದು ತೋರಿಸಲು ಒಂದು ಗೆರೆಯೂ ಉಳಿಯಲಿಲ್ಲ. ಸೊಸೆ ಕಿಟಕಿಯ ಸರಳು ಹಿಡಿದು ಅವನನ್ನು ಕೂಗಿದಳು. ಆ ಗಾಳಿಯಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಮೇಸ್ತ್ರಿ ಬಂದ, ಹಲಗೆಯೊಂದನ್ನು ತಬ್ಬಿಕೊಂಡು, ಒಬ್ಬನೇ. ಮೈಕು ತಾಡಪಾಲಿನ ಕಡೆಯ ಮೂಲೆ ಬಿಗಿಯುತ್ತಿದ್ದ ಎಂದಷ್ಟೇ ಹೇಳಿದ. ನೀರಿಳಿದ ಮೇಲೆ ಆಚೆಯ ಮುಳ್ಳುಕಂಟಿಯಲ್ಲಿ ಅವನು ಸಿಕ್ಕಿದ. ಕೈಗೆ ಹಗ್ಗ ಸುತ್ತಿಕೊಂಡಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಉಪ್ಪು ಎಳೆದವನು ಯಾಕೆ ಕುಡಿಯಬೇಕಾಯಿತು ಎಂದು ಯಾವ ಗಾದೆಯೂ ಹೇಳುವುದಿಲ್ಲ.

ಮಂಡಿಯಮ್ಮ ಮಾತ್ರೆ ಬಿಟ್ಟಳು. ಊಟವನ್ನೂ ಬಿಟ್ಟ ಹಾಗೆಯೇ. ಕಾಲು ಚಾಚಿ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಕುಟುಕಲಿ, ಚೆನ್ನಾಗಿ ಕುಟುಕಲಿ ಅನ್ನುತ್ತಿದ್ದಳು. ಸೊಸೆ ತಟ್ಟೆ ಇಟ್ಟು ಹೋಗುವಳು, ತಟ್ಟೆ ಎತ್ತಿಕೊಂಡು ಹೋಗುವಳು. ಅತ್ತೆ ಆಡಿದ ಮಾತು, ಸೊಸೆ ಆಡದೆ ಉಳಿಸಿಕೊಂಡ ಮಾತು, ಎರಡೂ ಆ ಸಣ್ಣ ಕೋಣೆಯಲ್ಲಿ ಜಾಗ ಹಿಡಿದು ಕೂತಿದ್ದವು.

ನರ್ಸಕ್ಕ ಬಂದಳು. ಅವಳ ಪಕ್ಕದಲ್ಲಿ ಕೂತಳು.

“ಯಾವ ಮಾತ್ರೆ ಅಂದೆನಲ್ಲ,” ಎಂದಳು ಮಂಡಿಯಮ್ಮ, ಗೋಡೆಯ ಕಡೆಗೇ. “ಆ ಮಾತು ವಾಪಸ್ ಬರುತ್ತಾ?”

“ಇಲ್ಲಮ್ಮ. ಬರಲ್ಲ.” ನರ್ಸಕ್ಕ ಸುಳ್ಳು ಸಮಾಧಾನ ಹೇಳಲಿಲ್ಲ. “ಆದ್ರೆ ಮಾತ್ರೆ ತಗೊಂಡಿದ್ದು ತಪ್ಪಲ್ಲ. ನೋವಿಗೆ ಮದ್ದು ತಗೋಬೇಕು. ಚಂಡಮಾರುತದ ಸುದ್ದಿನ ಮಂಡಿ ಹತ್ರ ಕೇಳಿದ್ದು ತಪ್ಪು. ಮಾತ್ರೆ ಇಲ್ದೇ ಇದ್ರೂ ಅದು ಮಳೆ ಅಂತಿತ್ತೇನೋ. ಸಮುದ್ರ ಅಂತ ಹೇಳ್ತಿರ್ಲಿಲ್ಲ.”

ಅದೇ ಋತುವಿನಲ್ಲಿ ಮತ್ತೊಂದು ಚಂಡಮಾರುತದ ಎಚ್ಚರಿಕೆ ಬಂತು. ಯಾರೂ ಇರುವೆ, ಚೇಳು ಎಂದು ಕೇಳಲಿಲ್ಲ. ಸೊಸೆ ಕುಡಿಯುವ ನೀರು, ಟಾರ್ಚು, ಅತ್ತೆಯ ಔಷಧಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಪತ್ರ ಗಂಟು ಕಟ್ಟಿದಳು. ಮನೆಮನೆಯ ಬಾಗಿಲು ಬಡಿದಳು. ಆಮೇಲೆ ಅತ್ತೆಯ ಕಂಕುಳಿಗೆ ಕೈಕೊಟ್ಟು ಶಾಲೆಯ ಮೆಟ್ಟಿಲು ಹತ್ತಿಸಿದಳು. ಅಷ್ಟು ದಿನಗಳಲ್ಲಿ ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ಚಂಡಮಾರುತ ಬೇರೆ ಕಡೆ ತಿರುಗಿತು. ಮಾರನೆಯ ದಿನ ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಇಳಿದು ಬಂದರು. ಮುಂದೆ ಇಳಿಯುತ್ತಿದ್ದ ಪಕ್ಕದ ಮನೆಯ ದರ್ಜಿ ಬೆನ್ನು ನೀವಿಕೊಂಡು, ದಂಡಕ್ಕೆ ಒಂದು ದಿನ ಹೋಯಿತು, ಏನೂ ಆಗಲಿಲ್ಲ ಎಂದ.

ಸೊಸೆ ಮೆಟ್ಟಿಲ ಮೇಲೆ ನಿಂತಳು. “ಏನೂ ಆಗ್ಲಿಲ್ಲ ಅಲ್ವಾ ಅಣ್ಣಾ? ಅದಕ್ಕೇ ಬಂದಿದ್ದು.”

ಮಂಡಿಯಮ್ಮ ಸೊಸೆಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಇಬ್ಬರೂ ಮನೆಗೆ ನಡೆದರು, ಇಬ್ಬರೇ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಮ್ಮಂದಿರೇ, ನಿಮ್ಮ ಮಂಡಿ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಕೊಟ್ಟ ಮದ್ದು ತೆಗೆದುಕೊಳ್ಳಿ, ಯಾರ ಹತ್ತಿರವೂ ಮುಚ್ಚಿಡಬೇಡಿ. ಗಾಳಿ, ಮಳೆ, ಸಮುದ್ರದ ಸುದ್ದಿಯನ್ನು ಮಾತ್ರ ಹವಾಮಾನದವರಿಂದಲೇ ಕೇಳಿ. ಚಂಡಮಾರುತದ ತಿಂಗಳುಗಳಲ್ಲಿ ರೇಡಿಯೋ ಕಿವಿಗೆ ಬೀಳುವ ಜಾಗದಲ್ಲಿರಲಿ, ಗಂಟು ಕಟ್ಟಿಯೇ ಇರಲಿ, ಎತ್ತರದ ಜಾಗ ಯಾವುದೆಂದು ಮನೆಯವರಿಗೆಲ್ಲ ತಿಳಿದಿರಲಿ. ಹೊರಡಿ ಎಂದಾಗ ಹೊರಡಿ. ಇನ್ನೊಂದು ಕೆಲಸ ಮುಗಿಸಿ ಬರುತ್ತೇನೆ ಎನ್ನುವವರನ್ನು ಕೈಹಿಡಿದು ಎಳೆದುಕೊಂಡು ಹೊರಡಿ. ಗಾಳಿ ಬಾರದೇ ಹೋದರೆ ಹೋದದ್ದು ದಂಡವಾಯಿತು ಎಂದು ಗೊಣಗುತ್ತ ಮನೆಗೆ ಬನ್ನಿ. ಗೊಣಗುವುದಕ್ಕಾದರೂ, ಎಲ್ಲರೂ ಬನ್ನಿ.